ಬೆವರಿನ ಲೆಕ್ಕ, ನಡುಕದ ಲೆಕ್ಕ

ಕೋಲಾರ ಚಿನ್ನದ ಗಣಿಪ್ರದೇಶದ (ಕೆಜಿಎಫ್) ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮುಟ್ಟಿದ ಕೈ ತಾನಾಗಿ ಹಿಂದೆ ಬರಬೇಕು. ಮೇಲಿನಿಂದ ತಂಪು ಗಾಳಿ ತಳ್ಳಲು ದೊಡ್ಡ ಯಂತ್ರಸ್ಥಾವರವೇ ಬೇಕಾಯಿತು. ಆದರೂ ಪಾಳಿಯ ನಡುವೆ ಗಟ್ಟಿಮುಟ್ಟಾದ ಆಳೊಬ್ಬ ಇದ್ದಕ್ಕಿದ್ದಂತೆ ಕುಸಿದು ಬೀಳುವುದು ನಿಲ್ಲಲಿಲ್ಲ. 1940ರ ದಶಕದಲ್ಲಿ ಎ. ಕ್ಯಾಪ್ಲನ್ ಎಂಬುವರು ಕೋಲಾರದ ಗಣಿಗಳ ಈ ಕುಸಿತಗಳನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದರು. ಬಿಸಿ ಏರಿದಂತೆ ಆಳದ ಕೆಲಸಗಾರನ ದುಡಿಮೆ ಎಷ್ಟು ಕುಗ್ಗುತ್ತದೆ ಎಂಬ ಪ್ರಯೋಗಗಳೂ ಅಲ್ಲಿ ನಡೆದವು. ಸಿನಿಮಾದ ಕೆಜಿಎಫ್‌ನಲ್ಲಿ ಕಾಣುವುದೆಲ್ಲ ಧೂಳು. ನಿಜದ ಕೆಜಿಎಫ್‌ನ ತಳದಲ್ಲಿ ಧೂಳಿನಷ್ಟೇ ದೊಡ್ಡ ವೈರಿ ತೇವ.

ಅದಕ್ಕೇ ಗಣಿಯವರು ಒಂದು ಥರ್ಮಾಮೀಟರನ್ನು ನಂಬುತ್ತಿರಲಿಲ್ಲ. ಎರಡು ಇಡುತ್ತಿದ್ದರು. ಒಂದು ಒಣಗಿದ್ದು; ಇನ್ನೊಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ್ದು. ಒದ್ದೆ ಬಟ್ಟೆಯಿಂದ ನೀರು ಆರುತ್ತಾ ಬುರುಡೆಯನ್ನು ತಣ್ಣಗಾಗಿಸುತ್ತದೆ. ಗಾಳಿ ಒಣಗಿದ್ದರೆ ನೀರು ಬೇಗ ಆರಿ ಪಾದರಸ ಬಹಳ ಕೆಳಗಿಳಿಯುತ್ತದೆ. ಗಾಳಿ ಈಗಾಗಲೇ ತೇವ ಕುಡಿದು ತುಂಬಿದ್ದರೆ ಇಳಿಯುವುದೇ ಇಲ್ಲ. ಈ ಎರಡನೆಯ ಅಂಕಿಗೆ ‘ವೆಟ್ ಬಲ್ಬ್’ ತಾಪಮಾನ ಎಂದು ಹೆಸರು. ಟಿ.ವಿ.ಯ ಹವಾಮಾನ ವರದಿಯಲ್ಲಿ ಇದು ಬರುವುದಿಲ್ಲ. ಬೆವರುವ ಮನುಷ್ಯನ ಮಟ್ಟಿಗೆ ಮಾತ್ರ, ಅಲ್ಲಿ ಬರುವ ಅಂಕಿಗಿಂತ ಇದು ಹೆಚ್ಚು ನಿಜ.

ಎಷ್ಟು ನಿಜ ಎಂಬುದನ್ನು ಲಂಡನ್ನಿನ ಕೆಲವು ಮಹಾಶಯರು ತಮ್ಮ ಮೈಮೇಲೆಯೇ ಪರೀಕ್ಷೆ ಮಾಡಿಕೊಂಡಿದ್ದರು. 1774ರಲ್ಲಿ ವೈದ್ಯ ಜಾರ್ಜ್ ಫೋರ್ಡೈಸ್ ತಾನು ಕಾಯಿಸಿದ ಕೋಣೆಗಳಿಗೆ ಗೆಳೆಯರನ್ನು ಕರೆದ. ಬಂದವರಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಇದ್ದ; ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಲೋಕ ಸುತ್ತಿ ಬಂದಿದ್ದ ಜೋಸೆಫ್ ಬ್ಯಾಂಕ್ಸ್ ಮತ್ತು ಡೇನಿಯಲ್ ಸೊಲಾಂಡರ್ ಇದ್ದರು. ಕೋಣೆಯ ಬಿಸಿಯನ್ನು ಹಂತಹಂತವಾಗಿ ಏರಿಸುತ್ತಾ ಹೋಗಿ ಕೊನೆಗೆ 260 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿಸಿದರು. ನಮ್ಮ ಅಳತೆಯಲ್ಲಿ 127 ಡಿಗ್ರಿ. ನೀರು ಕುದಿಯುವುದಕ್ಕಿಂತ ಮೇಲೆ. ಒಳಗಿಟ್ಟ ಮೊಟ್ಟೆ ಇಪ್ಪತ್ತು ನಿಮಿಷದಲ್ಲಿ ಬೆಂದು ಗಟ್ಟಿಯಾಯಿತು. ಗೋಮಾಂಸದ ತುಂಡು ನಲವತ್ತೇಳು ನಿಮಿಷದಲ್ಲಿ ಬೆಂದು ಒಣಗಿಯೇ ಹೋಯಿತು. ತಿದಿಯಿಂದ ಗಾಳಿ ಊದಿದಾಗ ಇನ್ನೊಂದು ತುಂಡಿಗೆ ಹದಿಮೂರೇ ನಿಮಿಷ ಸಾಕಾಯಿತು. ಅದೇ ಕೋಣೆಯಲ್ಲಿ ಕೆಲವು ನಿಮಿಷ ನಿಂತು ಹೊರಬಂದ ಬ್ಲಾಗ್ಡೆನ್‌ನ ಮೈಯ ಶಾಖ ಹೆಚ್ಚುಕಡಿಮೆ ಎಂದಿನಷ್ಟೇ ಇತ್ತು. ಬುಟ್ಟಿಯಲ್ಲಿ ಕೂರಿಸಿ ಒಯ್ದ ನಾಯಿಯೂ ಬದುಕಿ ಬಂತು.

ಈ ಪ್ರಯೋಗದ ಸರ್ಕಸ್ ಭಾಗವನ್ನು ಎಲ್ಲರೂ ನೆನಪಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅದಕ್ಕೂ ಮೊದಲು ಫೋರ್ಡೈಸ್ ಬಿಸಿನೀರಿನ ಆವಿ ತುಂಬಿದ ಕೋಣೆಯಲ್ಲಿ ನಿಂತಿದ್ದು. ಅಲ್ಲಿನ ಬಿಸಿ ಒಣ ಕೋಣೆಯ ಅರ್ಧದಷ್ಟೂ ಇರಲಿಲ್ಲ. ಆದರೂ ಮೈಮೇಲಿಂದ ನೀರು ಧಾರೆಯಾಗಿ ಹರಿಯಿತು, ಒಂದು ಹನಿಯೂ ಆರಲಿಲ್ಲ. ಮಾಂಸ ಬೇಯುವ ಒಣ ಗಾಳಿಗಿಂತ ಬಚ್ಚಲುಮನೆಯಂಥ ಒದ್ದೆ ಗಾಳಿ ಮನುಷ್ಯನಿಗೆ ಅಪಾಯ ಎಂಬುದಕ್ಕೆ ಸುಮಾರು 250 ವರ್ಷಗಳ ಹಿಂದೆಯೇ ಪುರಾವೆ ಸಿಕ್ಕಿತ್ತು.

ನೂರು ವ್ಯಾಟ್‌ನ ಮನುಷ್ಯ

ಸುಮ್ಮನೆ ಕುರ್ಚಿಯಲ್ಲಿ ಕೂತ ವಯಸ್ಕನ ದೇಹ ಸುಮಾರು ನೂರು ವ್ಯಾಟ್ ಶಾಖ ಹುಟ್ಟಿಸುತ್ತಿರುತ್ತದೆ. ಹೃದಯ, ಪಿತ್ತಜನಕಾಂಗ, ಮಿದುಳು ಯಾವುದೂ ಬಿಡುವು ತೆಗೆದುಕೊಳ್ಳುವುದಿಲ್ಲ. ಅವುಗಳ ದುಡಿಮೆಯ ಬಹುಪಾಲು ಕೊನೆಗೆ ಶಾಖವಾಗಿಯೇ ಉಳಿಯುತ್ತದೆ. ಇದು ಹೊರಹೋಗಲೇಬೇಕು. ಒಂದಿಷ್ಟೂ ಹೋಗದೆ ಒಳಗೇ ಉಳಿದರೆ ಎಪ್ಪತ್ತು ಕಿಲೋ ತೂಗುವವನ ಮೈ ಕೂತಲ್ಲೇ ಗಂಟೆಗೆ ಸುಮಾರು ಒಂದೂವರೆ ಡಿಗ್ರಿ ಬಿಸಿಯಾಗುತ್ತದೆ. ಗುದ್ದಲಿ ಹಿಡಿದು ಅಗೆಯುವವನು ಹುಟ್ಟಿಸುವ ಶಾಖ ಇದರ ನಾಲ್ಕೈದು ಪಟ್ಟು. ಅವನಿಗೆ ಹೊರದಾರಿ ಮುಚ್ಚಿದರೆ ಅರ್ಧ ಗಂಟೆಯೊಳಗೇ ಅಪಾಯದ ಗೆರೆ ಬರುತ್ತದೆ. ಬಿಸಿಲಿನ ಚರ್ಚೆಯಲ್ಲಿ ಎಲ್ಲರೂ ಹೊರಗಿನ ಸೂರ್ಯನನ್ನೇ ಬೈಯುತ್ತಾರೆ. ಒಳಗಿನ ಒಲೆಯ ಲೆಕ್ಕ ಹಾಕುವವರು ಕಡಿಮೆ.

ಶಾಖ ಹೊರಹೋಗಲು ಮೊದಲು ಚರ್ಮದ ತನಕ ಬರಬೇಕು. ಅದನ್ನು ಹೊತ್ತು ತರುವುದು ರಕ್ತ. ಹಿತವಾದ ಹವೆಯಲ್ಲಿ ಚರ್ಮಕ್ಕೆ ನಿಮಿಷಕ್ಕೆ ಕಾಲು ಅಥವಾ ಅರ್ಧ ಲೀಟರ್ ರಕ್ತ ಸಾಕು. ಕಡುಬಿಸಿಯಲ್ಲಿ ಅದು ಆರರಿಂದ ಎಂಟು ಲೀಟರ್‌ವರೆಗೂ ಏರಬಲ್ಲದು. ಮುಖ ಕೆಂಪೇರುವುದು, ಕೈಯ ನರಗಳು ಉಬ್ಬುವುದು ಇದರಿಂದಲೇ. ಇಷ್ಟು ರಕ್ತವನ್ನು ಹೊರಮೈಗೆ ತಳ್ಳುತ್ತಲೇ ಒಳಾಂಗಗಳ ರಕ್ತದೊತ್ತಡವನ್ನೂ ಕಾಯುವ ಹೊಣೆ ಹೃದಯದ್ದು. ಬಿಸಿಗಾಳಿಯ ದಿನಗಳಲ್ಲಿ ಸಾಯುವವರೆಲ್ಲ ಉಷ್ಣಾಘಾತದಿಂದಲೇ ಸಾಯುವುದಿಲ್ಲ. ಎಷ್ಟೋ ಮಂದಿ ಸಾಯುವುದು ಹೃದಯಾಘಾತದಿಂದ. ಮರಣಪತ್ರದಲ್ಲಿ ಬಿಸಿಲಿನ ಹೆಸರು ಬರುವುದೇ ಇಲ್ಲ. 2003ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಜನ ಹೀಗೆ ತೀರಿಕೊಂಡರು. ಬಹುಪಾಲು ವೃದ್ಧರು, ಅನೇಕರು ಒಂಟಿ. ಆ ಸಾವುಗಳು ಗೊತ್ತಾದದ್ದೇ ಹಿಂದಿನ ವರ್ಷಗಳ ಲೆಕ್ಕದ ಪಕ್ಕದಲ್ಲಿ ಆ ವರ್ಷದ್ದನ್ನು ಇಟ್ಟು ನೋಡಿದ ಮೇಲೆ.

ಚರ್ಮಕ್ಕೆ ಬಂದ ಶಾಖಕ್ಕೆ ಮುಂದೆ ಕೆಲವೇ ದಾರಿ. ಸುತ್ತಲಿನ ಗೋಡೆ, ನೆಲಗಳಿಗೆ ವಿಕಿರಣವಾಗಿ ಹೋಗಬಹುದು. ಬೀಸುವ ಗಾಳಿಗೆ ಹೋಗಬಹುದು. ತಣ್ಣನೆಯ ನೆಲದ ಮೇಲೆ ಮಲಗಿದರೆ ನೆಲಕ್ಕೆ ಹೋಗಬಹುದು. ಈ ಮೂರಕ್ಕೂ ಒಂದೇ ಷರತ್ತು: ಹೊರಗಿನದು ಚರ್ಮಕ್ಕಿಂತ ತಣ್ಣಗಿರಬೇಕು. ಚರ್ಮದ ತಾಪ ಸುಮಾರು 35 ಡಿಗ್ರಿ. ಗಾಳಿ ಅದನ್ನು ದಾಟಿತೋ, ಮೂರೂ ಬಾಗಿಲುಗಳು ಒಳಮುಖವಾಗಿ ತೆರೆದುಕೊಳ್ಳುತ್ತವೆ. ಕಾದ ಗಾಳಿಯಲ್ಲಿ ಫ್ಯಾನ್ ಹಾಕಿಕೊಂಡರೆ ಇನ್ನಷ್ಟು ಬಿಸಿ ಮೈಗೆ ಬಡಿಯುವುದು ಇದೇ ಕಾರಣಕ್ಕೆ. ಆಗ ಉಳಿಯುವುದು ಬೆವರು ಮಾತ್ರ.

ನಮ್ಮ ಮೈಮೇಲೆ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಕೂತವನ ನೂರು ವ್ಯಾಟ್ ತೊಲಗಿಸಲು ಗಂಟೆಗೆ 150 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ಬೆವರು ಸಾಕು. ಕಷ್ಟದ ಕೆಲಸದಲ್ಲಿ ದೇಹ ಗಂಟೆಗೆ ಒಂದೆರಡು ಲೀಟರ್ ಸುರಿಸಬಲ್ಲದು. ನಾಯಿ ಏದುಸಿರು ಬಿಡುತ್ತದೆ, ಎಮ್ಮೆ ಕೆರೆಗೆ ಇಳಿಯುತ್ತದೆ. ನೆತ್ತಿಯಿಂದ ಅಂಗಾಲಿನ ತನಕ ಇಷ್ಟು ಧಾರಾಳವಾಗಿ ಬೆವರುವುದರಲ್ಲಿ ಮನುಷ್ಯನಿಗೆ ಸರಿಸಾಟಿಯಾದ ಪ್ರಾಣಿಗಳು ಬಹಳ ಕಡಿಮೆ. ನಾವು ಹುಟ್ಟಿನಿಂದ ಉಷ್ಣವಲಯದ ಜೀವಿಗಳು, ಅದಕ್ಕೆ ತಕ್ಕ ಸಲಕರಣೆ ಮೈಯಲ್ಲೇ ಇದೆ.

ಸಮಸ್ಯೆ ಇರುವುದು ‘ಆರಿದರೆ’ ಎಂಬಲ್ಲಿ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ವ್ಯರ್ಥ. ಟವೆಲಿನಿಂದ ಒರೆಸಿದ್ದರದ್ದೂ ಅದೇ ಕಥೆ. ಈಗ ನಮ್ಮ ರಾಜ್ಯದ ಎರಡು ಊರುಗಳನ್ನು ನೋಡಿ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಕಲಬುರಗಿಯಲ್ಲಿ 42 ಡಿಗ್ರಿ, ಗಾಳಿಯ ತೇವಾಂಶ ಶೇ 20 ಎಂದಿಟ್ಟುಕೊಳ್ಳೋಣ. ಅದೇ ಹೊತ್ತಿಗೆ ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ 70. ಸುದ್ದಿಯಾಗುವುದು ಕಲಬುರಗಿ. ವೆಟ್ ಬಲ್ಬ್ ಲೆಕ್ಕ ಹಾಕಿದರೆ ಕಲಬುರಗಿಯದ್ದು ಸುಮಾರು 24, ಮಂಗಳೂರಿನದ್ದು 29ಕ್ಕೂ ಮೇಲೆ. ಕಲಬುರಗಿಯಲ್ಲಿ ಬೆವರು ಕಾಣಿಸುವ ಮೊದಲೇ ಹಾರಿಹೋಗುತ್ತದೆ. ಅಲ್ಲಿನ ಮೋಸ ಬೇರೆ: ಅಂಗಿ ಒಣಗೇ ಇರುವುದರಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದೇ ಇಲ್ಲ. ಮಂಗಳೂರಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಬಂದರಿನಲ್ಲಿ ಮೂಟೆ ಹೊರುವವನಿಗೆ 34 ಎಂಬ ಅಂಕಿ ಏನನ್ನೂ ಹೇಳುವುದಿಲ್ಲ. ಘಟ್ಟದ ಮೇಲಿನವರು ಕರಾವಳಿಯ ಸೆಕೆಯ ಬಗ್ಗೆ ಮಾಡುವ ತಮಾಷೆಗೆ ಈ ಐದು ಡಿಗ್ರಿಯೇ ಉತ್ತರ.

ಮೂವತ್ತೇಳರ ಕಾವಲು

ದೇಹ ಇಷ್ಟೆಲ್ಲ ಹೆಣಗುವುದು 37 ಡಿಗ್ರಿಯ ಆಸುಪಾಸಿನಲ್ಲಿ ಉಳಿಯಲು. ಈ ಅಂಕಿಯನ್ನು ಲೋಕಕ್ಕೆ ಒಪ್ಪಿಸಿದವರು ಜರ್ಮನಿಯ ಕಾರ್ಲ್ ವುಂಡರ್‌ಲಿಚ್. ಸುಮಾರು 25,000 ರೋಗಿಗಳ ಕಂಕುಳಿನಲ್ಲಿ ಉದ್ದನೆಯ ಥರ್ಮಾಮೀಟರ್ ಇಟ್ಟು ತೆಗೆದ ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಆಧರಿಸಿ ಅವರು 1868ರಲ್ಲಿ ಗ್ರಂಥ ಹೊರತಂದರು. ನಮ್ಮ ಅಜ್ಜಿಯರ ಬಾಯಲ್ಲೂ ಇದ್ದ 98.6 ಎಂಬ ಫ್ಯಾರನ್‌ಹೀಟ್ ಅಂಕಿ ಬಂದದ್ದು ಅಲ್ಲಿಂದ. ಈಗಿನ ಅಳತೆಗಳು ಅದಕ್ಕಿಂತ ತುಸು ಕೆಳಗೇ ನಿಲ್ಲುತ್ತವೆ. ಒಬ್ಬನದೇ ಮೈ ನಸುಕಿನ ನಾಲ್ಕೈದು ಗಂಟೆಗೆ ಅತಿ ತಣ್ಣಗೆ, ಸಂಜೆಯ ಹೊತ್ತಿಗೆ ಅತಿ ಬೆಚ್ಚಗೆ. ನಡುವೆ ಅರ್ಧ ಡಿಗ್ರಿಯಷ್ಟು ಅಂತರ. ಹೆಂಗಸರಲ್ಲಿ ಅಂಡೋತ್ಪತ್ತಿಯ ನಂತರ ಇನ್ನೊಂದು ಚೂರು ಏರಿಕೆ. ಮೂವತ್ತೇಳು ಎಂಬುದನ್ನು ಗೆರೆ ಎನ್ನುವ ಬದಲು ಕಿರಿದಾದ ಓಣಿ ಎಂದುಕೊಳ್ಳುವುದು ವಾಸಿ. ಮೂರು ಡಿಗ್ರಿ ಮೇಲೇರಿದರೆ ಮಿದುಳು ತಪ್ಪುತ್ತದೆ. ಎರಡು ಡಿಗ್ರಿ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ.

ಓಣಿಯ ಕಾವಲು ಮಿದುಳಿನ ಅಡಿಯಲ್ಲಿರುವ ಹೈಪೋಥಲಾಮಸ್‌ನದ್ದು. ತನ್ನ ಮೂಲಕ ಹರಿಯುವ ರಕ್ತದ ಬಿಸಿಯನ್ನು ಅದು ತಾನೇ ಅರಿಯುತ್ತದೆ. ಚರ್ಮದಿಂದ ಬರುವ ಸುದ್ದಿಯನ್ನೂ ಕೇಳಿಸಿಕೊಳ್ಳುತ್ತದೆ. ಆ ಸುದ್ದಿ ಹುಟ್ಟುವುದು ಹೇಗೆ ಎಂಬುದನ್ನು ಬಿಡಿಸಿದ್ದು ಮೆಣಸಿನಕಾಯಿ. ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್, ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನರತುದಿಯ ಯಾವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆಂದು ಹುಡುಕಿ 1997ರಲ್ಲಿ ಅದನ್ನು ಹಿಡಿದರು. ಸುಮಾರು 43 ಡಿಗ್ರಿ ಬಿಸಿ ತಗುಲಿದಾಗ ತೆರೆದುಕೊಳ್ಳುವ ಬಾಗಿಲೂ ಅದೇ ಆಗಿತ್ತು. ಐದು ವರ್ಷಗಳ ನಂತರ ತಂಪಿಗೂ ಮೆಂಥಾಲಿಗೂ ತೆರೆಯುವ ಇನ್ನೊಂದು ಬಾಗಿಲನ್ನು ಅವರೂ ಆರ್ಡೆಮ್ ಪಟಪೂಟಿಯನ್ ಅವರೂ ಬೇರೆಬೇರೆಯಾಗಿ ಕಂಡುಕೊಂಡರು. 2021ರ ನೊಬೆಲ್ ಇಬ್ಬರಿಗೂ ಬಂತು. ಗುಂಟೂರು ಮೆಣಸಿನ ಊಟಕ್ಕೆ ಹಣೆ ಬೆವರುವುದು, ಹಣೆಗೆ ಹಚ್ಚಿದ ಮುಲಾಮು ಬೇಸಿಗೆಯಲ್ಲೂ ತಣ್ಣಗೆನಿಸುವುದು ಈ ಬಾಗಿಲುಗಳ ಆಟ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಕ್ಯಾಪ್ಸೈಸಿನ್ ಕಡಿಮೆ. ಹಾಗಾಗಿ ಸಾರು ಕೆಂಪಗಿದ್ದರೂ ನರಕ್ಕೆ ಸುಳ್ಳು ಬೆಂಕಿಯ ಸುದ್ದಿ ಅಷ್ಟಾಗಿ ಹೋಗುವುದಿಲ್ಲ.

ಜ್ವರದಲ್ಲಿ ಕಾವಲುಗಾರನೇ ಹೊಸ ಆದೇಶ ಹೊರಡಿಸುತ್ತಾನೆ. ಸೋಂಕಿನ ವಿರುದ್ಧದ ಹೋರಾಟದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೈಪೋಥಲಾಮಸ್‌ನ ಗುರಿಯನ್ನು ಮೇಲಕ್ಕೆ ಸರಿಸುತ್ತದೆ. ಗುರಿ 39 ಆದಾಗ 37ರ ಮೈ ತನಗೆ ಚಳಿಯಾಯಿತೆಂದೇ ತಿಳಿಯುತ್ತದೆ. ಕಂಬಳಿ ಬೇಡುತ್ತದೆ, ನಡುಗುತ್ತದೆ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಇಲ್ಲಿ. ಉಷ್ಣಾಘಾತದಲ್ಲಿ ಗುರಿ ಬದಲಾಗಿರುವುದಿಲ್ಲ, ಶಾಖ ಹೊರಹೋಗಲಾಗದೆ ಮೈ ಕಾದಿರುತ್ತದೆ. ಅಲ್ಲಿ ಈ ಮಾತ್ರೆಯಿಂದ ಉಪಯೋಗವಿಲ್ಲ, ಪಿತ್ತಜನಕಾಂಗಕ್ಕೆ ತೊಂದರೆಯೂ ಆಗಬಹುದು. ಬಿಸಿಲಿಗೆ ಬಿದ್ದವನ ಬಾಯಿಗೆ ಜ್ವರದ ಮಾತ್ರೆ ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ.

ಬಿಸಿಗೆ ಒಗ್ಗಿಕೊಳ್ಳುವುದು ನಿಜವೇ? ನಿಜ, ಅದಕ್ಕೊಂದು ಕಾಲಮಿತಿಯೂ ಇದೆ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಶ್ವಾಸಕೋಶ ತಿನ್ನದಿರಲೆಂದು ನೀರು ಚಿಮ್ಮಿಸುತ್ತಾ ಕೊರೆಯತೊಡಗಿದರು. ಧೂಳು ಕೂತಿತು, ಗಾಳಿ ಒದ್ದೆಯಾಯಿತು, 1920ರ ದಶಕದಲ್ಲಿ ಉಷ್ಣಾಘಾತದ ಸಾವುಗಳು ಶುರುವಾದವು. ಹೊಸದಾಗಿ ಬಂದವರನ್ನು ನೇರವಾಗಿ ಕೆಳಗಿಳಿಸುವ ಬದಲು ಬಿಸಿ ಕೋಣೆಯಲ್ಲಿ ದಿನಾ ಕೆಲಸ ಮಾಡಿಸಿ ಹದಗೊಳಿಸುವ ಪದ್ಧತಿ ಅಲ್ಲಿ ಬೆಳೆಯಿತು. ಕೂಲಿಯವರ ಮೇಲಿನ ಪ್ರೀತಿ ಇದಕ್ಕೆ ಕಾರಣವೆಂದು ನಾನು ನಂಬಲಾರೆ. ಬಿದ್ದ ಆಳು ಚಿನ್ನ ಅಗೆಯುವುದಿಲ್ಲ. ಆದರೆ ಶರೀರಶಾಸ್ತ್ರಕ್ಕೆ ಅಲ್ಲಿಂದ ಸಿಕ್ಕ ತಿಳಿವಳಿಕೆ ಗಟ್ಟಿಯಾದದ್ದು. ಒಂದೆರಡು ವಾರ ದಿನವೂ ಬಿಸಿಯಲ್ಲಿ ದುಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಸುರಿಯುತ್ತದೆ, ಅದರ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕೆಲಸ ಬಿಟ್ಟು ಕೆಲವು ವಾರ ತಂಪಿನಲ್ಲಿದ್ದರೆ ಗಳಿಸಿದ್ದೆಲ್ಲ ಕರಗಿಹೋಗುತ್ತದೆ. ಜಪಾನಿನ ಯಾಸ್ ಕುನೊ ಇನ್ನೂ ಹಿಂದಕ್ಕೆ ಹೋಗಿ ನೋಡಿದ್ದರು. ಅವರ ಪ್ರಕಾರ ಹುಟ್ಟಿದ ಮೊದಲ ಎರಡು ಮೂರು ವರ್ಷ ಮಗು ಯಾವ ಹವೆಯಲ್ಲಿ ಬೆಳೆಯಿತೋ ಅದರಂತೆ ಅದರ ಬೆವರಿನ ಗ್ರಂಥಿಗಳಲ್ಲಿ ಎಷ್ಟು ಎಚ್ಚರಗೊಳ್ಳುತ್ತವೆ ಎಂಬುದು ಜೀವಮಾನಕ್ಕೆ ನಿಗದಿಯಾಗಿಬಿಡುತ್ತದೆ.

ಒಗ್ಗಿಕೊಂಡ ದೇಹಕ್ಕೂ ನೀರು ಮತ್ತು ಉಪ್ಪು ಹೊರಗಿನಿಂದಲೇ ಬರಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ ಈ ಲೆಕ್ಕದಲ್ಲಿ ಉತ್ತಮ ಪಾನೀಯಗಳು. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ಪ್ರಾಣಕ್ಕೆ ಬರಬಹುದು. ಮಟಮಟ ಮಧ್ಯಾಹ್ನ ಬಿಸಿ ಚಹಾ ಕುಡಿಯುವವರನ್ನು ಕಂಡು ನಗಬೇಕಿಲ್ಲ. ಕೆನಡಾದ ಒಟ್ಟಾವದಲ್ಲಿ 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬಿಸಿ ಪಾನೀಯ ಕುಡಿದವರು ಅದು ಸೇರಿಸಿದ ಶಾಖಕ್ಕಿಂತ ಹೆಚ್ಚನ್ನು ಬೆವರಿನಿಂದ ಕಳೆದುಕೊಂಡರು. ಆದರೆ ಬೆವರು ಪೂರ್ತಿ ಆರುವ ಒಣ ಹವೆ ಇದ್ದರೆ ಮಾತ್ರ. ಚಹಾದ ವಾದ ಕಲಬುರಗಿಯಲ್ಲಿ ನಿಲ್ಲುತ್ತದೆ, ಮಂಗಳೂರಿನಲ್ಲಿ ಇಲ್ಲ.

ಚಳಿಗೆ ಕಂಬಳಿಯೇ ಗತಿ

ಬಿಸಿಗೆ ಇಷ್ಟೊಂದು ಸಿದ್ಧತೆ ಇರುವ ದೇಹ ಚಳಿಯ ಮುಂದೆ ಬಡವ. ಬಟ್ಟೆಯಿಲ್ಲದ ಮನುಷ್ಯ ನಡುಗದೆ, ಬೆವರದೆ ಸುಮ್ಮನಿರಬಲ್ಲ ಗಾಳಿ 28ರಿಂದ 30 ಡಿಗ್ರಿಯದು. ಅದಕ್ಕಿಂತ ಕೆಳಗಿಳಿದರೆ ಮೊದಲು ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಕೈಕಾಲುಗಳನ್ನು ತಣ್ಣಗಾಗಲು ಬಿಟ್ಟು ಒಳಗಿನ ಅಂಗಗಳನ್ನು ದೇಹ ಕಾಯುತ್ತದೆ. ರೋಮಾಂಚನ ಬರೀ ಪಳೆಯುಳಿಕೆ, ನಿಮಿರಿಸಲು ತುಪ್ಪಳವೇ ಇಲ್ಲ. ಆಮೇಲೆ ನಡುಕ. ಸ್ನಾಯುಗಳು ಯಾವ ಕೆಲಸವನ್ನೂ ಮಾಡದೆ ಬರೀ ಶಾಖಕ್ಕಾಗಿ ಅದುರುತ್ತವೆ. ಇದರಿಂದ ಶಾಖೋತ್ಪತ್ತಿ ನಾಲ್ಕೈದು ಪಟ್ಟು ಏರುತ್ತದೆ, ಆದರೆ ಸಕ್ಕರೆ ತೀರಿದಂತೆ ನಡುಕವೂ ನಿಲ್ಲುತ್ತದೆ. ಚಳಿಯಲ್ಲಿ ಸಿಕ್ಕಿಬಿದ್ದವನು ನಡುಗುವುದನ್ನು ನಿಲ್ಲಿಸಿದನೆಂದರೆ ಸಮಾಧಾನಪಡುವ ಹೊತ್ತಲ್ಲ. ಹೆಂಡ ಕುಡಿದರೆ ಬೆಚ್ಚಗಾಗುತ್ತದೆ ಎಂಬ ನಂಬಿಕೆಯೂ ಅಪಾಯದ್ದೇ. ಅದು ಚರ್ಮದ ನಾಳಗಳನ್ನು ಸಡಿಲಿಸಿ ಒಳಗಿನ ಶಾಖವನ್ನು ಹೊರಗೆ ಸುರಿಯುತ್ತದೆ, ಬೆಚ್ಚಗೆನಿಸುವುದು ಅದಕ್ಕೇ.

ಇನ್ನೊಂದು ಸಣ್ಣ ಒಲೆ ಇದೆ: ಕಂದು ಕೊಬ್ಬು. ನಡುಗದೆಯೇ ನೇರವಾಗಿ ಉರಿದು ಶಾಖ ಕೊಡುವ ಕೊಬ್ಬು ಇದು. ಶಿಶುಗಳಲ್ಲಿ ಮಾತ್ರ ಇರುತ್ತದೆ ಎಂದು ಬಹುಕಾಲ ತಿಳಿದಿದ್ದರು. ದೊಡ್ಡವರ ಕುತ್ತಿಗೆ, ಕೊರಳೆಲುಬಿನ ಬಳಿಯೂ ಇದು ಉಳಿದು ಕೆಲಸ ಮಾಡುತ್ತದೆ ಎಂಬುದನ್ನು 2009ರಲ್ಲಿ ಒಟ್ಟಿಗೇ ಪ್ರಕಟವಾದ ಮೂರು ಅಧ್ಯಯನಗಳು ತೋರಿಸಿದವು. ಶಿಶುವಿಗಂತೂ ಇದೇ ಆಧಾರ, ಏಕೆಂದರೆ ಅದಕ್ಕೆ ಸರಿಯಾಗಿ ನಡುಗಲು ಬಾರದು. ದಿನ ತುಂಬದೆ ಹುಟ್ಟಿದ ಮಗುವಿಗೆ ಈ ಕೊಬ್ಬೂ ಕಡಿಮೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ನಮಗೆ ಸೆಕೆ ಎನಿಸುವ ಕೋಣೆಯಲ್ಲೂ ಅದು ತಣ್ಣಗಾಗುತ್ತಾ ಹೋಗಬಹುದು.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಇನ್‌ಕ್ಯುಬೇಟರ್‌ಗಳು ಸಾಲದ ಆಸ್ಪತ್ರೆಯಲ್ಲಿ ಇಂಥ ಕೂಸುಗಳನ್ನು ತಾಯಿಯ ಬರಿ ಎದೆಗೆ ಒತ್ತಿ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದದ್ದು ಇದೇ. ತಾಯಿಯ 37 ಡಿಗ್ರಿ ಕರೆಂಟು ಹೋದರೂ ಆರುವುದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ, ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಲ್ಲಿ ಈ ಪದ್ಧತಿಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಅಧ್ಯಯನ ನಡೆಸಿದರು. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸನ್ನು ದಿನದ ಬಹುಪಾಲು ಎದೆಗೆ ಕಟ್ಟಿಕೊಂಡಿರಬೇಕು. ಅಮ್ಮ ದಣಿದರೆ ಅಜ್ಜಿ, ಅಪ್ಪ ಯಾರಾದರೂ ಆದೀತು. ಬಿಸಿಲಿಗೆ ಹೆಸರಾದ ಕೊಪ್ಪಳದಲ್ಲಿ ಕೂಸಿನ ಚಳಿಯ ವಿರುದ್ಧ ಇಷ್ಟು ದೊಡ್ಡ ಕೆಲಸ ನಡೆದದ್ದು ಮೊದಲಿಗೆ ವಿಚಿತ್ರವೆನಿಸೀತು. ನವಜಾತ ಶಿಶುವಿನ ಶಾಖದ ಲೆಕ್ಕ ಬಲ್ಲವರಿಗೆ ಇದರಲ್ಲಿ ವಿಚಿತ್ರವೇನಿಲ್ಲ.

ಚಳಿಗೆ ದೇಹ ಒಗ್ಗಿಕೊಳ್ಳುವುದೇ ಇಲ್ಲವೆಂದಲ್ಲ. ದಕ್ಷಿಣ ಕೊರಿಯಾದ ಜೇಜು ದ್ವೀಪದ ಮುಳುಗುಗಾರ್ತಿಯರು ತೆಳು ಹತ್ತಿ ಬಟ್ಟೆಯಲ್ಲೇ ಚಳಿಗಾಲದ ಕಡಲಿಗೆ ಇಳಿದು ಚಿಪ್ಪುಮೀನು ಹೆಕ್ಕುತ್ತಿದ್ದರು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಶಾಖ ಎಳೆಯುತ್ತದೆ. 1960ರ ದಶಕದಲ್ಲಿ ಅವರನ್ನು ಪರೀಕ್ಷಿಸಿದಾಗ ಚಳಿಗಾಲದಲ್ಲಿ ಅವರ ಒಳಗಿನ ಒಲೆಯೇ ಜೋರಾಗಿ ಉರಿಯುತ್ತಿದ್ದದ್ದು ಗೊತ್ತಾಯಿತು. 1970ರ ದಶಕದ ಕೊನೆಗೆ ಅವರು ರಬ್ಬರಿನ ಮುಳುಗುಡುಗೆ ತೊಡತೊಡಗಿದರು. ಕೆಲವೇ ವರ್ಷಗಳಲ್ಲಿ ಆ ಸಾಮರ್ಥ್ಯ ಮಾಯವಾಯಿತು. ಉಡುಗೆ ಸಿಕ್ಕೊಡನೆ ಮೈ ತನ್ನ ಕೆಲಸವನ್ನು ಅದಕ್ಕೆ ಬಿಟ್ಟುಕೊಟ್ಟಿತು.

ನಮ್ಮ ಕುರುಬರ ಕರಿಕಂಬಳಿಯೂ ಅಂಥದೇ ಒಂದು ಹೊರಚರ್ಮ. ದಖ್ಖನಿ ಕುರಿಯ ಒರಟು ಉಣ್ಣೆ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ, ಒದ್ದೆಯಾದರೂ ತುಸು ಬೆಚ್ಚಗಿರುತ್ತದೆ. ಬಿಸಿಲಲ್ಲಿ ಕಪ್ಪು ಹೊದೆಯುವುದು ಮೂರ್ಖತನ ಎನ್ನುವವರಿಗೊಂದು ಮಾತು. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮರುಭೂಮಿಯ ಬೆದೂಯಿನರ ಕಪ್ಪು ನಿಲುವಂಗಿಯ ಬಗ್ಗೆ ಅಧ್ಯಯನವೊಂದು ಬಂತು. ಕಪ್ಪು ಬಟ್ಟೆ ಬಿಳಿಗಿಂತ ಹೆಚ್ಚು ಕಾದರೂ ಆ ಹೆಚ್ಚುವರಿ ಶಾಖ ಒಳಗಿನ ಸಡಿಲ ಜಾಗದ ಗಾಳಿಯ ಜೊತೆ ಹೊರಟುಹೋಗಿ, ಚರ್ಮಕ್ಕೆ ತಲುಪುವುದು ಎರಡರಲ್ಲೂ ಒಂದೇ ಆಗಿತ್ತು.

ಯಾವ ಉಡುಗೆಯೂ ಸಾಲದ ಜಾಗಗಳಿವೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೇನಾ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಸಿಕ್ಕಿಕೊಂಡರು, ಮೂವರು ಕರ್ನಾಟಕದವರು. ಎಲ್ಲರೂ ತೀರಿಕೊಂಡರೆಂದು ಭಾವಿಸಿ ದೇಹಗಳಿಗಾಗಿ ಹಿಮ ಕೊರೆಯುತ್ತಿದ್ದವರಿಗೆ ಆರನೆಯ ದಿನ, ಸುಮಾರು ಮೂವತ್ತು ಅಡಿ ಆಳದಲ್ಲಿ, ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಹೊರಗೆ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿನ ಚಳಿ. ಹಿಮ ತಣ್ಣಗಿದ್ದರೂ ಗಾಳಿಯನ್ನು ಹಿಡಿದಿಡುವುದರಿಂದ ಹೊರಗಿನ ಚಳಿಯನ್ನು ತಡೆಯುತ್ತದೆ, ಬೀಸುಗಾಳಿಯನ್ನಂತೂ ಪೂರ್ತಿ ತಡೆಯುತ್ತದೆ. ಅವರನ್ನು ದೆಹಲಿಯ ಸೇನಾ ಆಸ್ಪತ್ರೆಗೆ ತಂದಾಗ ದೇಹದಲ್ಲಿ ನೀರಿಲ್ಲ, ಸಕ್ಕರೆಯಿಲ್ಲ, ಒತ್ತಡವಿಲ್ಲ. ತಣ್ಣಗಾಗಿದ್ದ ಭಾಗಗಳಿಗೆ ಮತ್ತೆ ರಕ್ತ ಹರಿಯತೊಡಗುವುದರಿಂದ ಮುಂದಿನ ಒಂದೆರಡು ದಿನ ಬಹಳ ಕಷ್ಟದ್ದೆಂದು ವೈದ್ಯರು ಪ್ರಕಟಣೆಯಲ್ಲೇ ತಿಳಿಸಿದ್ದರು. ಫೆಬ್ರುವರಿ 11ರಂದು ಅವರು ಕೊನೆಯುಸಿರೆಳೆದರು. ಬೆಚ್ಚಗಾಗಿಸುವುದೂ ಅಪಾಯ ಎಂಬುದು ಆ ವಾರ ಕರ್ನಾಟಕದ ಮನೆಮನೆಗೂ ತಿಳಿಯಿತು. ಕೈಕಾಲುಗಳಲ್ಲಿ ನಿಂತಿದ್ದ ತಣ್ಣನೆಯ ರಕ್ತ, ಅದರೊಳಗಿನ ಆಮ್ಲ ಮತ್ತು ಪೊಟ್ಯಾಸಿಯಂ ಒಮ್ಮೆಲೇ ಹೃದಯಕ್ಕೆ ಮರಳಿದರೆ ಬಡಿತ ತಪ್ಪಬಹುದು.

ಅದೃಷ್ಟ ಬೇರೆಯಾದ ಉದಾಹರಣೆಯೂ ಇದೆ. 1999ರಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುತ್ತಿದ್ದ ಯುವ ವೈದ್ಯೆಯೊಬ್ಬಳು ಹೆಪ್ಪುಗಟ್ಟಿದ ತೊರೆಯೊಳಗೆ ಬಿದ್ದು ಎಂಬತ್ತು ನಿಮಿಷ ಸಿಕ್ಕಿಕೊಂಡಿದ್ದಳು. ಅವಳ ಮೈಯ ಒಳತಾಪ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಟ್ರಾಮ್ಸೋ ಆಸ್ಪತ್ರೆಯವರು ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ನಿಧಾನವಾಗಿ ಬೆಚ್ಚಗೆ ಮಾಡಿದರು. ಅವಳು ಬದುಕಿದಳು, ಮುಂದೆ ಅದೇ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ದುಡಿದಳು. ತಣ್ಣಗಾದ ಮಿದುಳಿಗೆ ಬೇಕಾಗುವ ಆಮ್ಲಜನಕ ಅತಿ ಕಡಿಮೆ. ಕೆಳಮುಖವಾಗಿ ಇಪ್ಪತ್ತಮೂರು ಡಿಗ್ರಿ ಇಳಿದೂ ಮರಳಿದ ದೇಹವಿದೆ. ಮೇಲ್ಮುಖವಾಗಿ ಅದರ ಕಾಲು ಭಾಗದಷ್ಟು ಏರಿದರೂ ಮರಳುವುದು ಕಷ್ಟ. ಬಿಸಿಯ ಕಡೆ ನಾವು ಯಾವಾಗಲೂ ಅಂಚಿನಲ್ಲೇ ಬದುಕುತ್ತಿರುತ್ತೇವೆ.

ಎಂಟರಿಂದ ಒಂದೂವರೆ

ಅಂಚು ಎಲ್ಲಿದೆ? ವೆಟ್ ಬಲ್ಬ್ 35 ದಾಟಿದರೆ ಆರೋಗ್ಯವಂತನೂ ನೆರಳಲ್ಲಿ ಸುಮ್ಮನೆ ಕೂತು ಕೆಲವು ಗಂಟೆಗಳಲ್ಲಿ ಸಾಯುತ್ತಾನೆ ಎಂದು 2010ರಲ್ಲಿ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕದಿಂದ ತೋರಿಸಿದರು. ಬಹಳ ಕಾಲ ಈ ಅಂಕಿ ಓಡಾಡಿತು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಯುವಕ ಯುವತಿಯರನ್ನು ನಿಜವಾಗಿಯೇ ಬಿಸಿ ಕೋಣೆಯಲ್ಲಿ ಕೂರಿಸಿ, ಮನೆಗೆಲಸದಷ್ಟು ಹಗುರ ಚಟುವಟಿಕೆ ಮಾಡಿಸಿ ಅಳೆದಾಗ 2022ರಲ್ಲಿ ಸಿಕ್ಕ ಮಿತಿ ಸುಮಾರು 31. ವೃದ್ಧರದ್ದು ಇನ್ನೂ ಕೆಳಗೆ. ಮೇಲೆ ಹೇಳಿದ ಮಂಗಳೂರಿನ ಮಧ್ಯಾಹ್ನಕ್ಕೂ ಇದಕ್ಕೂ ಇರುವ ದೂರ ಎರಡು ಡಿಗ್ರಿಗಿಂತ ಕಡಿಮೆ.

ಹವಾಮಾನ ಇಲಾಖೆಯ ಬಿಸಿಗಾಳಿ ಘೋಷಣೆ ಈಗಲೂ ಮುಖ್ಯವಾಗಿ ಒಣ ಥರ್ಮಾಮೀಟರಿನ ಮೇಲೆಯೇ ನಿಂತಿದೆ: ಬಯಲುಸೀಮೆಗೆ 40, ಕರಾವಳಿಗೆ 37, ಗುಡ್ಡಗಾಡಿಗೆ 30, ಜೊತೆಗೆ ವಾಡಿಕೆಗಿಂತ ಎಷ್ಟು ಹೆಚ್ಚು ಎಂಬ ಲೆಕ್ಕ. 2023ರಿಂದ ತೇವಾಂಶವನ್ನೂ ಸೇರಿಸಿದ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಕೊಡತೊಡಗಿದೆ. ಅಮೆರಿಕದ ನೌಕಾಪಡೆ ತನ್ನ ತರಬೇತಿ ಶಿಬಿರಗಳಲ್ಲಿ ಯುವಕರು ಬಿದ್ದು ಸಾಯುವುದನ್ನು ತಡೆಯಲು 1950ರ ದಶಕದಲ್ಲೇ ಒಂದು ಸೂತ್ರ ಮಾಡಿಕೊಂಡಿತ್ತು. ಅದರಲ್ಲಿ ಒದ್ದೆ ಬುರುಡೆಗೆ ಶೇ 70 ತೂಕ, ಬಿಸಿಲಿನ ಝಳಕ್ಕೆ 20, ಒಣ ಗಾಳಿಗೆ ಹತ್ತೇ ಹತ್ತು. ನಾವು ಸುದ್ದಿ ಮಾಡುವುದು ಆ ಹತ್ತನ್ನು.

ನಮ್ಮಲ್ಲಿ ಪ್ರತಿ ಬೇಸಿಗೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತದೆ. ಒಳ್ಳೆಯ ಆದೇಶವೇ. ಆದರೆ ಶರೀರಶಾಸ್ತ್ರದ ಕಣ್ಣಿನಿಂದ ನೋಡಿದರೆ ನೆರಳಲ್ಲಿ, ಫ್ಯಾನಿನಡಿ ಕೂತ ನೂರು ವ್ಯಾಟ್‌ನ ಗುಮಾಸ್ತನಿಗೆ ಇದು ಅನ್ವಯಿಸುತ್ತದೆ. ರಸ್ತೆಗೆ ಡಾಂಬರು ಸುರಿಯುವ ನಾನೂರು ವ್ಯಾಟ್‌ನವಳಿಗೆ ಅನ್ವಯಿಸುವುದಿಲ್ಲ. ಅವಳ ಕೂಲಿ ತುಂಡುಲೆಕ್ಕದ್ದಾದರೆ ಸುಸ್ತಾದಾಗ ಕೂರುವುದೂ ನಷ್ಟ. ಹೊರಗೆ ಶೌಚಾಲಯವಿಲ್ಲವೆಂದು ಅವಳು ನೀರನ್ನೂ ಕಡಿಮೆ ಕುಡಿಯುತ್ತಾಳೆ. ನೀರು ಕಡಿಮೆಯಾದಂತೆ ಬೆವರು ಕಡಿಮೆ, ಮೂತ್ರಪಿಂಡಕ್ಕೆ ರಕ್ತ ಕಡಿಮೆ. ಅಹಮದಾಬಾದ್ 2010ರ ಮೇ ತಿಂಗಳಲ್ಲಿ ವಾಡಿಕೆಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಸಾವುಗಳನ್ನು ಕಂಡ ಮೇಲೆ 2013ರಲ್ಲಿ ದೇಶದ ಮೊದಲ ನಗರಮಟ್ಟದ ಬಿಸಿಗಾಳಿ ಯೋಜನೆ ಮಾಡಿತು: ಮುಂಚಿನ ಎಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆಗಳಲ್ಲಿ ಐಸ್ ಪ್ಯಾಕ್. ಅನಂತರ ಬಂದ ಅನೇಕ ಊರುಗಳ ಯೋಜನೆಗಳಿಗೆ ಅದೇ ಮಾದರಿ.

ಉಷ್ಣಾಘಾತವಾದವನಿಗೆ ಬೇಕಾದ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯೇನೂ ಬೇಡ. ಮೈ 40 ಡಿಗ್ರಿ ದಾಟಿ, ಮಾತು ತೊದಲಿ, ಗೊಂದಲ ಶುರುವಾದರೆ ಮೊದಲ ಅರ್ಧ ಗಂಟೆಯೇ ಎಲ್ಲ. ಬೆವರು ನಿಂತಿರಲೇಬೇಕೆಂದಿಲ್ಲ, ದುಡಿಯುತ್ತಾ ಬಿದ್ದವನ ಮೈ ಒದ್ದೆಯಾಗಿಯೇ ಇರಬಹುದು. ಕಂಕುಳಿನ ಥರ್ಮಾಮೀಟರ್ ಇಲ್ಲಿ ಕಡಿಮೆ ತೋರಿಸಿ ದಾರಿ ತಪ್ಪಿಸುತ್ತದೆ; ವೈದ್ಯರು ಗುದದ್ವಾರದ ತಾಪ ನೋಡುತ್ತಾರೆ. ಮೊದಲು ತಂಪು, ಆಮೇಲೆ ಸಾಗಣೆ ಎಂಬುದು ಸೈನ್ಯ ಮತ್ತು ಕ್ರೀಡಾವೈದ್ಯರ ನಿಯಮ. ಕುತ್ತಿಗೆ ಮುಳುಗುವಷ್ಟು ಐಸ್‌ನೀರಿನಲ್ಲಿ ಕೂರಿಸಿದರೆ ಒಳತಾಪ ಐದಾರು ನಿಮಿಷಕ್ಕೊಂದು ಡಿಗ್ರಿ ಇಳಿಯುತ್ತದೆ. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ನಾಲ್ಕು ಮೂಲೆ ಎತ್ತಿ ಹಿಡಿದು ನೀರು, ಐಸ್ ಸುರಿದರೂ ನಡೆಯುತ್ತದೆ. ಅದೂ ಇಲ್ಲವೆಂದರೆ ಬಟ್ಟೆ ತೆಗೆದು, ಬಾವಿಯ ನೀರು ಎರಚುತ್ತಾ ಗಾಳಿ ಹಾಕಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಮೈ 39 ಡಿಗ್ರಿಗೆ ಇಳಿದ ಮೇಲೆ ಆಂಬುಲೆನ್ಸ್ ಹತ್ತಿಸಬೇಕು.